ಒಂದೇ ವೈಫೈ, ಇಬ್ಬರು ಆಟಗಾರರು: ನಂಬಿಸುವುದು ಹೇಗೆ?

ಸಕಲೇಶಪುರದ ಹತ್ತಿರ ಇರುವ ಅಕ್ಕನ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬೇಕಾದರೆ ತೋಟದ ದಿಬ್ಬ ಹತ್ತಬೇಕು. ಮನೆಗೆಲ್ಲ ಒಂದೇ ಫೈಬರ್ ಕನೆಕ್ಷನ್. ಮಗ ಪಿಯುಸಿ, ಮಗಳು ಒಂಬತ್ತನೇ ಕ್ಲಾಸ್. ಇಬ್ಬರೂ ಆಡುವುದು ಒಂದೇ ಆನ್‌ಲೈನ್ ಆಟ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಮಗಳ ಖಾತೆ ಬಂದ್ ಆಯಿತು. ಒಬ್ಬರೇ ಎರಡು ಖಾತೆ ನಡೆಸುತ್ತಿದ್ದೀರಿ ಎಂಬ ನೋಟಿಸ್. ಊಟದ ತಟ್ಟೆ ಮುಂದೆ ಕೂತು, "ಚಿಕ್ಕಮ್ಮ, ಅಣ್ಣ ಬೇರೆ, ನಾನು ಬೇರೆ ಅಂತ ಹೇಗೆ ತೋರಿಸೋದು?" ಎಂದಳು.

ಮೊದಲು ಅನುಮಾನ ಯಾಕೆ ಬಂತು ಎಂದು ತಿಳಿಯಬೇಕು. ಮನೆಯೊಳಗೆ ರೂಟರ್ ಪ್ರತಿ ಫೋನಿಗೂ ಸಾಮಾನ್ಯವಾಗಿ 192.168 ಎಂದು ಶುರುವಾಗುವ ಬೇರೆ ಬೇರೆ ನಂಬರ್ ಕೊಡುತ್ತದೆ. ಹೊರಗಿನವರಿಗೆ ಮಾತ್ರ ಸಾಮಾನ್ಯವಾಗಿ ಎಲ್ಲರದ್ದೂ ಒಂದೇ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಕನೆಕ್ಷನ್ ಗುರುತಿಸುವ ನಂಬರ್. ಮಲೆನಾಡಿನ ಮಳೆ ಇದಕ್ಕೆ ಇನ್ನೊಂದು ತೊಡಕು ಸೇರಿಸುತ್ತದೆ. ಕರೆಂಟ್ ಹೋದರೆ ರೂಟರ್ ಆಫ್, ಇಬ್ಬರೂ ಒಂದೇ ಹೊತ್ತಿಗೆ ಆಟದಿಂದ ಮಾಯ. ಕರೆಂಟ್ ಬಂದ ಕೂಡಲೇ ಇಬ್ಬರೂ ಒಟ್ಟಿಗೆ ಹಾಜರ್. ದೂರದಲ್ಲಿ ಕೂತು ನೋಡುವವರಿಗೆ ಅದು ಒಬ್ಬನೇ ಆಡಿದ ಹಾಗೆ ಕಾಣುವುದು ಸಹಜ ಅಲ್ವಾ?

ಆಮೇಲೆ ಆ ಆಟದ ನಿಯಮ ಪೂರ್ತಿ ಓದಿ. ಒಂದು ಮನೆಯಿಂದ ಹಲವರು ಆಡಲು ಬಿಡುವ ಆಟಗಳೂ ಒಬ್ಬರ ಖಾತೆ ಇನ್ನೊಬ್ಬರು ತೆರೆಯುವುದನ್ನು, ಒಬ್ಬರ ಸಾಮಾನನ್ನು ಇನ್ನೊಬ್ಬರಿಗೆ ಸುರಿಯುವುದನ್ನು ಒಪ್ಪದಿರಬಹುದು. ನಮ್ಮ ಎಡವಟ್ಟು ಅಲ್ಲೇ ಇತ್ತು. ಪರೀಕ್ಷೆಯ ವಾರದಲ್ಲಿ ತಂಗಿಯ ದಿನದ ಬಹುಮಾನ ತಪ್ಪಬಾರದೆಂದು ಅಣ್ಣ ತನ್ನ ಫೋನಿನಿಂದಲೇ ಅವಳ ಖಾತೆಗೆ ಲಾಗಿನ್ ಆಗಿದ್ದ.

ಇನ್ನು ಪುರಾವೆ. ಆಧಾರ್ ಕಾರ್ಡ್ ಹುಡುಕಲು ಓಡಬೇಡಿ. ಮನೆಯಲ್ಲಿ ಇಬ್ಬರಿದ್ದಾರೆ ಎಂದಷ್ಟೇ ಅದು ಹೇಳುತ್ತದೆ, ಆಡಿದವರು ಇಬ್ಬರು ಎಂದು ಹೇಳುವುದಿಲ್ಲ. ಗಟ್ಟಿ ಸಾಕ್ಷಿ ಇರುವುದು ಆಟದ ದಾಖಲೆಯಲ್ಲೇ. ಒಂದೇ ಹೊತ್ತಿನಲ್ಲಿ ಇಬ್ಬರೂ ಬೇರೆ ಬೇರೆ ಪಂದ್ಯ ಆಡಿದ ಸಂದರ್ಭಗಳನ್ನು ಹುಡುಕಿ. ಎರಡು ಕಡೆಯೂ ಬಿಡುವಿಲ್ಲದೆ ಕೈ ಆಡಬೇಕಾದ ಪಂದ್ಯಗಳಾದರೆ ಇನ್ನೂ ಒಳ್ಳೆಯದು. ಪಂದ್ಯದ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ತಾರೀಖು, ಗಂಟೆ ಬರೆದಿಡಿ. ಆಟದ ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆಯಿರಿ. ನಮ್ಮ ರಾತ್ರಿ 8:30 ಅವರಿಗೆ ಮಧ್ಯಾಹ್ನ 3. ನಮಗೆ ಇಂಥ ನಾಲ್ಕು ರಾತ್ರಿ ಸಿಕ್ಕವು.

ಪತ್ರ ಚಿಕ್ಕದಾಗಿರಲಿ. ಬಂದ್ ಆದ ಖಾತೆಯ ಇಮೇಲ್‌ನಿಂದಲೇ ಬರೆಯಿರಿ. ಮಕ್ಕಳದ್ದಾದರೆ ಅಪ್ಪ ಅಥವಾ ಅಮ್ಮ ಬರೆಯಲಿ. ಎರಡೂ ಖಾತೆಯ ಹೆಸರು, ಯಾರು ಯಾವ ಫೋನಿನಲ್ಲಿ ಆಡುತ್ತಾರೆ, ಇಂಟರ್ನೆಟ್ ಒಂದೇ ಎಂಬ ಮಾತು, ಆ ಪಂದ್ಯಗಳ ಸಮಯ, ಇಷ್ಟು ಸಾಕು. ಇಬ್ಬರ ಖರೀದಿಗೂ ಒಂದೇ ಕಾರ್ಡಿನಿಂದ ದುಡ್ಡು ಹೋಗಿದ್ದರೆ ಅದನ್ನೂ ತಿಳಿಸಿ. ತಪ್ಪು ನಡೆದಿದ್ದರೆ ಮುಚ್ಚಿಡಬೇಡಿ, ಅವರ ಲಾಗ್‌ನಲ್ಲಿ ಅದು ಇದ್ದೇ ಇರುತ್ತದೆ. ಪರೀಕ್ಷೆ ವಾರದ ಲಾಗಿನ್ ವಿಷಯವನ್ನು ಅಕ್ಕ ಎರಡನೇ ಸಾಲಿನಲ್ಲೇ ಬರೆದಳು.

ಗುರುತಿನ ಚೀಟಿಯನ್ನು ಕಂಪನಿಯೇ ತನ್ನ ಅಧಿಕೃತ ಸಪೋರ್ಟ್ ಪುಟದಲ್ಲಿ ಕೇಳಿದರೆ ಮಾತ್ರ ಕೊಡಿ. ಆಧಾರ್ ಕೊಡುವುದಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ, ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ವೆಬ್‌ಸೈಟಿನಲ್ಲಿ ಸಿಗುತ್ತದೆ. ಓಟಿಪಿ, ಪಾಸ್‌ವರ್ಡ್ ಯಾರು ಕೇಳಿದರೂ ಕೊಡಬೇಡಿ.

ಉತ್ತರ ಬರುವವರೆಗೆ ಹೊಸ ಖಾತೆ ತೆರೆಯಬೇಡಿ, ವಿಪಿಎನ್ ಹಾಕಿ ವಿಳಾಸ ಮರೆಮಾಡಬೇಡಿ. ಸುಮ್ನೆ ಅನುಮಾನ ಜಾಸ್ತಿಯಾಗುತ್ತದೆ. ದಿನಕ್ಕೆ ಮೂರು ಪತ್ರವೂ ಬೇಡ.

ಒಂದೇ ಕಂಪ್ಯೂಟರ್ ಇರುವ ಮನೆಯಲ್ಲಿ ವಿಂಡೋಸ್‌ನಲ್ಲೇ ಇಬ್ಬರಿಗೂ ಬೇರೆ ಬೇರೆ ಯೂಸರ್ ಮಾಡಿಕೊಡಿ. ಬ್ರೌಸರ್ ಕುಕಿಗಳು, ಅಂದರೆ ಯಾರು ಲಾಗಿನ್ ಆಗಿದ್ದಾರೆ ಎಂದು ನೆನಪಿಡುವ ಸಣ್ಣ ಫೈಲ್‌ಗಳು, ಬೆರೆಯುವುದಿಲ್ಲ. ಚೆಸ್‌ನಂಥ ಆಟದಲ್ಲಿ ಅಣ್ಣ ತಂಗಿ ಎದುರುಬದುರಾಗುವುದಿದ್ದರೆ ರೇಟಿಂಗ್ ಇಲ್ಲದ ಪಂದ್ಯ ಆಡಲಿ. ಹೊಸದಾಗಿ ಆಟ ಶುರು ಮಾಡುವವರು ಮನೆಯಲ್ಲಿ ಇಬ್ಬರಿದ್ದೇವೆ ಎಂದು ಮೊದಲೇ ಸಪೋರ್ಟ್‌ಗೆ ಒಂದು ಸಾಲು ಬರೆದಿಟ್ಟರೆ ಎಷ್ಟೋ ತಲೆನೋವು ತಪ್ಪುತ್ತದೆ.

ನಮಗೆ ಒಂಬತ್ತನೇ ದಿನ ಉತ್ತರ ಬಂತು, ಖಾತೆ ತೆರೆಯಿತು. ಈಗ ಇಬ್ಬರ ಪಾಸ್‌ವರ್ಡ್ ಬೇರೆ, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ರೂಟರ್‌ಗೆ ಅಕ್ಕ ಒಂದು ಸಣ್ಣ ಯುಪಿಎಸ್ ಹಾಕಿಸಿದ್ದಾಳೆ.