ಸ್ಟಾಕ್ ಮೈನಸ್‌ಗೆ ಹೋಗುತ್ತಿದ್ದುದನ್ನು ಸರಿಪಡಿಸಿದ್ದು ಹೀಗೆ

ನಮ್ಮ ಆರ್ಡರ್ ಆ್ಯಪ್‌ನಲ್ಲಿ ಸ್ಟಾಕ್ ಆಗಾಗ -1 ತೋರಿಸುತ್ತಿತ್ತು. ಗ್ರಾಹಕರು ಜಾಸ್ತಿಯಾದ ಮೇಲೆ ಶುರುವಾದ ತೊಂದರೆ ಇದು. ಒಬ್ಬರೇ ಕೂತು ಟೆಸ್ಟ್ ಮಾಡಿದರೆ ಎಲ್ಲ ಸರಿಯಾಗೇ ಇರುತ್ತಿತ್ತು. ತಲೆ ಕೆಡಿಸಿದ್ದು ಅದೇ.

ಲಾಗ್‌ನಲ್ಲಿ ಸುಳಿವು ಸಿಕ್ಕಿತು. ಒಂದೇ ವಸ್ತುವಿಗೆ ಎರಡು ಆರ್ಡರ್ ಹೆಚ್ಚುಕಡಿಮೆ ಒಟ್ಟಿಗೇ ಬಂದಿದ್ದವು. ಕೋಡ್ ಮೊದಲು ಸ್ಟಾಕ್ ಓದಿ, ಆಮೇಲೆ ಬೇರೆ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೊಡುವ ಆದೇಶ) 1 ಕಳೆಯುತ್ತಿತ್ತು. ಇಬ್ಬರಿಗೂ 1 ಇದೆ ಅಂತಲೇ ಕಂಡಿದೆ, ಇಬ್ಬರ ಲೆಕ್ಕಕ್ಕೂ ಕಳೆದಿದೆ. ಟ್ರಾನ್ಸಾಕ್ಷನ್ (ಹಲವು ಕ್ವೆರಿಗಳನ್ನು ಒಂದೇ ಕೆಲಸದಂತೆ ಮುಗಿಸುವ ವ್ಯವಸ್ಥೆ) ಇತ್ತಲ್ವಾ ಅಂತ ಕೇಳಬಹುದು. ಇತ್ತು. ಆದರೆ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಆದ ‘ರೀಡ್ ಕಮಿಟೆಡ್’ನಲ್ಲಿ (ಬೇರೆಯವರು ಬರೆದು ಮುಗಿಸಿದ್ದು ಮಾತ್ರ ಕಾಣುವ ಮಟ್ಟ) ಅಷ್ಟೇ ಸಾಲದು. ಸುಮ್ನೆ ಸೆಲೆಕ್ಟ್ ಮಾಡಿದರೆ, ಅಂದರೆ ಓದಿದರೆ, ಬೇರೆಯವರ ಅಪ್‌ಡೇಟ್ ನಿಲ್ಲುವುದಿಲ್ಲ.

ಹಾಗಾಗಿ ಸ್ಟಾಕ್ ನೋಡುವುದು, ಕಳೆಯುವುದು ಎರಡನ್ನೂ ಒಂದೇ ಅಪ್‌ಡೇಟ್‌ಗೆ ತಂದೆ: ಸ್ಟಾಕ್ 0ಗಿಂತ ಜಾಸ್ತಿ ಇದ್ದರೆ ಮಾತ್ರ 1 ಕಳೆ. ಎರಡನೆಯ ಅಪ್‌ಡೇಟ್ ಮೊದಲನೆಯದು ಮುಗಿಯುವವರೆಗೆ ಕಾಯುತ್ತದೆ, ಆಮೇಲೆ ಷರತ್ತನ್ನು ಮತ್ತೆ ನೋಡುತ್ತದೆ. ಬದಲಾದ ಸಾಲುಗಳ ಸಂಖ್ಯೆ 0 ಬಂದರೆ ‘ಸ್ಟಾಕ್ ಮುಗಿದಿದೆ’ ಅಂತ ತೋರಿಸುತ್ತೇವೆ.

ಟೇಬಲ್‌ಗೂ ಒಂದು ಚೆಕ್ ಕನ್‌ಸ್ಟ್ರೇಂಟ್ ಹಾಕಿದೆ. ಇದನ್ನು ಮಾತ್ರ ಬಿಡಬೇಡಿ. ನಾಳೆ ಯಾರೋ ಹೊಸ ಸ್ಕ್ರಿಪ್ಟ್ ಬರೆದರೂ ಸ್ಟಾಕ್ 0ಗಿಂತ ಕೆಳಗೆ ಹೋಗಲು ಡೇಟಾಬೇಸ್ ಬಿಡುವುದಿಲ್ಲ. ಕೊನೆಗೆ ಸ್ಟಾಕ್ 1 ಇಟ್ಟು, ರಾಶಿ ರಿಕ್ವೆಸ್ಟ್ ಒಟ್ಟಿಗೇ ಕಳಿಸಿ ನೋಡಿದೆ. ಒಂದೇ ಆರ್ಡರ್ ದಾಖಲಾಯಿತು.