ಪಾತ್ರ ಜೀವಂತವಾಗಬೇಕೇ? ಮೊದಲು ‘ನೀನು–ನೀವು’ ಪಟ್ಟಿ ಮಾಡಿ

ಕತೆ ಶುರುಮಾಡುವ ಮುಂಚೆ, ನಿಮ್ಮ ಮುಖ್ಯ ಪಾತ್ರ ಉಳಿದ ನಾಲ್ಕೈದು ಜನರನ್ನು ಏನಂತ ಕರೆಯುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಹೆಸರೋ ಸಂಬಂಧವೋ, ಏಕವಚನವೋ ಬಹುವಚನವೋ. ಎದುರಿಗೊಂದು, ಬೆನ್ನ ಹಿಂದೊಂದು ಇದ್ದರೆ ಎರಡನ್ನೂ ಬರೆಯಿರಿ. ಕನ್ನಡದಲ್ಲಿ ಗೌರವ, ಸಲಿಗೆ, ಮುನಿಸು ಎಲ್ಲವೂ ಸರ್ವನಾಮದಲ್ಲೋ ಕ್ರಿಯಾಪದದ ಬಾಲದಲ್ಲೋ ಕಾಣುತ್ತವೆ. ಅಂಗಡಿಯಲ್ಲಿ ಮಾಲೀಕನಿಗೆ ‘ಹೇಳಿ ಸಾರ್’ ಎನ್ನುವ ಹುಡುಗ ಮನೆಗೆ ಬಂದು ‘ಅವನು ಇವತ್ತೂ ಸಂಬಳ ಕೊಡ್ಲಿಲ್ಲ’ ಎಂದರೆ, ಅವನ ಸಿಟ್ಟನ್ನು ನೀವು ವರ್ಣಿಸಬೇಕಾಗಿಲ್ಲ. ವಚನ ಬದಲಾಗುವ ಜಾಗವನ್ನು ಕತೆಯ ತಿರುವಿಗೇ ಮೀಸಲಿಡಿ: ಇಷ್ಟು ವರ್ಷ ‘ಬಾರೋ’ ಎನ್ನುತ್ತಿದ್ದ ಅಣ್ಣ ಆಸ್ತಿ ಪಾಲಿನ ದಿನ ‘ಬನ್ನಿ, ಕೂತ್ಕೊಳ್ಳಿ’ ಎಂದರೆ ಸಾಕು, ಓದುಗರ ಎದೆ ಧಸಕ್ಕೆನ್ನುತ್ತದೆ. ಆದರೆ ಸಣ್ಣ ಕತೆಯಲ್ಲಿ ಇದು ಒಂದೇ ಸಲ. ಪದೇ ಪದೇ ಬದಲಾದರೆ ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಪಾತ್ರದ ಸೀಮೆಯ ಮಾತು ನಿಮಗೆ ಗೊತ್ತಿಲ್ಲದಿದ್ದರೆ ಈ ಉಪಾಯ ಕೈಕೊಡುತ್ತದೆ: ಧಾರವಾಡದ ‘ಬರ್ರಿ’ಯನ್ನು ಮಂಡ್ಯದ ಅಜ್ಜಿಯ ಬಾಯಿಗೆ ಹಾಕಿದರೆ ಪಾತ್ರ ಅಲ್ಲೇ ಬಿದ್ದುಹೋಯಿತು. ಬರೀ ಸ್ವಗತದಲ್ಲಿ ಸಾಗುವ ಕತೆಗೆ ಈ ಪಟ್ಟಿಯಿಂದ ಹೆಚ್ಚು ಉಪಯೋಗವಿಲ್ಲ.