ಮಳೆಗಾಲ ಕಳೆದ ಮೇಲೆ ಬಾನೆಟ್ ಕೆಳಗೆ: ಎರಡು ಲೀಟರ್ ನೀರಿನಲ್ಲಿ ಇಂಜಿನ್ ಸ್ವಚ್ಛ ಮಾಡುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಓಡಾಡುವ ಕಾರಿನ ಬಾನೆಟ್ ಎತ್ತಿದರೆ ಕಾಣುವ ಕೊಳೆಯೇ ಬೇರೆ ಜಾತಿಯದು. ಬಯಲುಸೀಮೆಯ ಧೂಳು ಒಣಗಿರುತ್ತದೆ, ಗಾಳಿ ಹೊಡೆದರೆ ಹಾರಿಹೋಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿಮ್ಮಿದ ಕೆಮ್ಮಣ್ಣು ಇಂಜಿನ್ ಬಿಸಿಗೆ ಒಣಗಿ, ಮತ್ತೆ ನೆಂದು, ಮತ್ತೆ ಒಣಗಿ, ಬಟ್ಟೆಗೆ ಹಿಡಿದ ಅಡಿಕೆ ಚೊಗರಿನ ಹಾಗೆ ಕೂತುಬಿಡುತ್ತದೆ. ವೈಪರ್ ಕೆಳಗಿನ ಸಂದಿಯಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಕೊಳೆತು ಗೊಬ್ಬರವಾಗಿರುತ್ತದೆ. ಕೊಟ್ಟಿಗೆಯ ಪಕ್ಕ ನಿಲ್ಲಿಸುವ ಕಾರಾದರೆ ಇಲಿಗೂಡೂ ಸಿಗುತ್ತದೆ.

ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವಿಸಿಗೆ ಬಿಟ್ಟು, "ಇಂಜಿನ್ನಿಗೂ ಒಂದ್ಸಲ ಹೊಡೆದುಬಿಡಿ" ಅನ್ನುವುದು ರೂಢಿ. ಅದನ್ನು ಮಾಡಿಸಬೇಡಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ಬಾನೆಟ್ ಕೆಳಗೆ ಮಣ್ಣು ಕೂತಿದ್ದರೂ ಕಾರು ಓಡುತ್ತದೆ. ನೀರು ಹೋಗಬಾರದ ಕಡೆ ಹೋದರೆ ನಿಲ್ಲುತ್ತದೆ. ನನ್ನ ಲೆಕ್ಕದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಒಣ ಕೆಲಸ. ಬಟ್ಟೆ ಜಾಲಿಸುವ ಬಕೆಟ್ ಬಿಟ್ಟರೆ, ಇಡೀ ಇಂಜಿನ್ನಿಗೆ ನಾನು ಬಳಸುವ ನೀರು ಎರಡು ಲೀಟರ್ ದಾಟುವುದಿಲ್ಲ.

ದಿನ ಆರಿಸುವುದರಲ್ಲೇ ಅರ್ಧ ಗೆಲುವಿದೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ. ಆ ದಿನಗಳಲ್ಲಿ ಗಾಳಿಯೇ ಒದ್ದೆಯಾಗಿರುತ್ತದೆ, ವೈರುಗಳನ್ನು ಜೋಡಿಸುವ ಕಪ್ಲರ್ ಒಳಗೆ ಸೇರಿದ ಒಂದು ಹನಿ ನೀರು ವಾರವಾದರೂ ಆರುವುದಿಲ್ಲ. ಹಾಗಾಗಿ ಮಳೆ ಪೂರ್ತಿ ಹೊಳವಾದ ಮೇಲೆ, ಎರಡು ದಿನ ಒಳ್ಳೆಯ ಬಿಸಿಲು ಬಿದ್ದದ್ದು ನೋಡಿಕೊಂಡು ಶುರು ಮಾಡುತ್ತೇನೆ. ಬೆಳಿಗ್ಗೆ ಎಂಟಕ್ಕೆ, ಇಂಜಿನ್ ರಾತ್ರಿಯಿಡೀ ತಣ್ಣಗಾಗಿರುವಾಗ, ನೆರಳಿನಲ್ಲಿ ಕೆಲಸ. ಬಿಸಿಲಲ್ಲಿ ಮಾಡಿದರೆ ಕ್ಲೀನರ್ ಅಲ್ಲೇ ಒಣಗಿ ಬಿಳಿ ಕಲೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಕಾರನ್ನು ಮಧ್ಯಾಹ್ನದ ಬಿಸಿಲಿಗೆ ತಳ್ಳಬೇಕು. ಘಟ್ಟ ಹತ್ತಿ ಬಂದ ಕಾರಿಗೆ ಆಗಲೇ ಕೈ ಹಾಕಲೇಬಾರದು. ಇಂಜಿನ್ನಿನ ಹೊಗೆ ಹೊರಡುವ ಕೊಳವೆ (ಎಕ್ಸಾಸ್ಟ್ ಮ್ಯಾನಿಫೋಲ್ಡ್), ಟರ್ಬೋ ಕಾದಿರುವಾಗ ತಣ್ಣೀರು ಬಿದ್ದರೆ ಲೋಹ ಬಿರುಕು ಬಿಡುವ ಅಪಾಯವಿದೆ. ಕೈ ಸುಡುವುದಂತೂ ಖಂಡಿತ.

ಬಾನೆಟ್ ಎತ್ತಿದ ಕೂಡಲೇ ಕೈ ಒಳಗೆ ಹಾಕುವುದು ಬೇಡ. ಟಾರ್ಚ್ ಬಿಟ್ಟು ಬ್ಯಾಟರಿಯ ಹಿಂದೆ, ಏರ್ ಫಿಲ್ಟರ್ ಡಬ್ಬಿಯ ಕೆಳಗೆ, ಹೆಡ್‌ಲೈಟಿನ ಹಿಂದಿನ ಮೂಲೆಗಳಲ್ಲಿ ನೋಡಿ. ಇಲಿ ಇರುವಲ್ಲಿಗೆ ಹಾವು ಬರುತ್ತದೆ, ಬೆಚ್ಚಗಿನ ಇಂಜಿನ್ ಅದಕ್ಕೂ ಹಿತ. ಹಾವು ಕಂಡರೆ ಬಾನೆಟ್ ತೆರೆದೇ ಇಟ್ಟು ದೂರ ನಿಲ್ಲಿ, ಹಿಡಿಯಲು ಬಲ್ಲವರನ್ನು ಕರೆಸಿ.

ಇನ್ನು ಒರೆಸುವ ಮೊದಲು ಮೊಬೈಲಿನಲ್ಲಿ ಹತ್ತಿಪ್ಪತ್ತು ಫೋಟೋ ತೆಗೆದಿಡಿ. ಇದನ್ನು ಹೆಚ್ಚಿನವರು ಮಾಡುವುದಿಲ್ಲ, ನನ್ನ ಪ್ರಕಾರ ಇದು ತುಂಬಾ ಮುಖ್ಯ. ಎಣ್ಣೆಗೆ ಅಂಟಿದ ಕೆಸರು ಎಲ್ಲಿಂದ ಎಲ್ಲಿಗೆ ಇಳಿದಿದೆ ಅನ್ನುವುದರಲ್ಲೇ ಸೋರಿಕೆಯ ಮೂಲ ಬರೆದಿರುತ್ತದೆ. ಇಂಜಿನ್ ತಲೆಯ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಅಂಚಿನಲ್ಲಿ ಕಪ್ಪು ಗೆರೆ ಇದ್ದರೆ ಅದರ ಅಡಿಯ ಸೀಲು, ಅಂದರೆ ಗ್ಯಾಸ್ಕೆಟ್, ಒಸರುತ್ತಿರಬಹುದು. ರೇಡಿಯೇಟರ್ ಹೋಸಿನ ಕ್ಲಿಪ್ ಹತ್ತಿರ ಹಸಿರು ಅಥವಾ ಗುಲಾಬಿ ಬಣ್ಣದ ಒಣಗಿದ ಹುಡಿ ಕಂಡರೆ ಕೂಲೆಂಟ್ ಹೋಗುತ್ತಿದೆ. ಒರೆಸಿದ ಮೇಲೆ ಈ ಗುರುತು ಯಾವುದೂ ಉಳಿಯುವುದಿಲ್ಲ.

ಆಮೇಲೆ ಬ್ಯಾಟರಿ. ಹೆಚ್ಚಿನ ಕಾರುಗಳಲ್ಲಿ 10ರ ಸ್ಪಾನರ್ ಸಾಕು. ಮೊದಲು ನೆಗೆಟಿವ್ ಬಿಚ್ಚಬೇಕು, ಅದನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಬೇಕು, ಪಾಸಿಟಿವ್ ಆಮೇಲೆ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಬ್ಯಾಟರಿ ಬಿಚ್ಚುವುದಕ್ಕೆ ಇನ್ನೊಂದು ಕಾರಣವಿದೆ: ಕೆಲವು ಕಾರುಗಳಲ್ಲಿ ಕೀಲಿ ತೆಗೆದಿದ್ದರೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆ, ಆಗ ಬೆರಳು ಅಲ್ಲಿರಬಾರದು. ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ತಾನಾಗಿ ಆಫ್ ಆಗುವ (ಸ್ಟಾರ್ಟ್-ಸ್ಟಾಪ್) ಕಾರಾದರೆ ನೆಗೆಟಿವ್ ಟರ್ಮಿನಲ್ಲಿಗೇ ಚಿಕ್ಕ ಸೆನ್ಸರ್ ಅಂಟಿಕೊಂಡಿರಬಹುದು. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ನಿಧಾನವಾಗಿ ತಿರುಗಿಸುತ್ತಾ ಎತ್ತಿ. ಟರ್ಮಿನಲ್ ಮೇಲೆ ಬಿಳಿಯ ಅಥವಾ ಹಸಿರು ಹುಡಿ ಇದ್ದರೆ ಒಂದು ಲೋಟ ನೀರಿಗೆ ಒಂದು ಟೇಬಲ್ ಚಮಚ ಅಡುಗೆ ಸೋಡಾ ಕರಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ನೊರೆ ಎದ್ದು ಬಿಡುತ್ತದೆ. ಆ ನೀರು ಬ್ಯಾಟರಿಯ ಮುಚ್ಚಳದ ರಂಧ್ರಕ್ಕೆ ಇಳಿಯಬಾರದು. ಒರೆಸಿ, ಒಣಗಿಸಿ, ಕೊನೆಯಲ್ಲಿ ಮತ್ತೆ ಜೋಡಿಸಿದ ಮೇಲೆ ಹೊರಗಿನಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಮುಂದಿನ ಮಳೆಗಾಲದವರೆಗೆ ಚಿಂತೆಯಿಲ್ಲ.

ಈಗ ಒಣ ಕೆಲಸ. ಗಾಜಿನ ಕೆಳಗೆ, ವೈಪರ್ ಹಾಯುವ ಪ್ಲಾಸ್ಟಿಕ್ ಜಾಲರಿಯ ಅಡಿಯಲ್ಲಿ ಒಂದು ದೋಣಿಯಂಥ ಜಾಗ ಇರುತ್ತದೆ. ಗಾಜಿನ ಮೇಲೆ ಬಿದ್ದ ಮಳೆ ಅಲ್ಲಿಗೆ ಇಳಿದು ಎರಡೂ ಬದಿಯ ತೂತಿನಿಂದ ಕೆಳಗೆ ಹೋಗಬೇಕು. ಹಲಸಿನ ಮರವೋ ಮಾವಿನ ಮರವೋ ಇರುವ ಅಂಗಳದಲ್ಲಿ ನಿಲ್ಲಿಸುವ ಕಾರಿನಲ್ಲಿ ಈ ತೂತು ದರಗಿನಿಂದ ಮುಚ್ಚಿಹೋಗುತ್ತದೆ. ನೀರು ನಿಂತು, ಎಸಿ ಬ್ಲೋವರಿನ ದಾರಿಯಲ್ಲಿ ಒಳಗೆ ಬಂದು, ಎಡಗಡೆ ಕೂತವರ ಕಾಲ ಕೆಳಗಿನ ಮ್ಯಾಟ್ ನೆನೆಯುತ್ತದೆ. ಕಾರಿನೊಳಗೆ ಮುಗ್ಗಲು ವಾಸನೆ ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಈ ಜಾಗವನ್ನೇ. ಕೈಗವಸು ಹಾಕಿಕೊಂಡು ಕೊಳೆತ ಎಲೆಯನ್ನು ಹಿಡಿಹಿಡಿಯಾಗಿ ಮೇಲಕ್ಕೆ ಎತ್ತಿ ತೆಗೆಯಬೇಕು. ಪೈಪ್ ಹಿಡಿದು ನೀರು ಬಿಟ್ಟರೆ ಅದೆಲ್ಲ ತೂತಿನೊಳಗೆ ಹೋಗಿ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಎಲೆ ಪೂರ್ತಿ ತೆಗೆದ ಮೇಲೆ ಹುಲ್ಲು ಹೊಡೆಯುವ ಮಷೀನಿನ ನೈಲಾನ್ ದಾರವನ್ನು ಒಂದಡಿ ಕತ್ತರಿಸಿ ತೂತಿನಲ್ಲಿ ಆಡಿಸುತ್ತೇನೆ. ತಂತಿ ಬೇಡ, ಒಳಗಿನ ರಬ್ಬರ್ ಕೊಳವೆ ಹರಿಯುತ್ತದೆ. ಕೊನೆಗೆ ಅರ್ಧ ಚೊಂಬು ನೀರು ನಿಧಾನವಾಗಿ ಬಿಟ್ಟು ನೋಡಿ. ಮುಂದಿನ ಚಕ್ರದ ಹಿಂದೆ ಅದು ಸರಾಗ ಇಳಿದರೆ ದಾರಿ ತೆರೆದಿದೆ.

ಇಲಿಗೂಡು ಸಿಕ್ಕಿದರೆ ಒಣದಾಗಿ ಗುಡಿಸಬೇಡಿ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ, ಕೈಮೇಲೆ ಚಿಕ್ಕ ಗಾಯವಿದ್ದರೂ ಸಾಕು. ರಬ್ಬರ್ ಕೈಗವಸು, ಮೂಗಿಗೆ ಮಾಸ್ಕ್ ಹಾಕಿ, ಗೂಡಿನ ಮೇಲಷ್ಟೇ ಸೋಪಿನ ನೀರು ಸಿಂಪಡಿಸಿ ಹುಡಿ ಏಳದ ಹಾಗೆ ಮಾಡಿ, ಕೈಯಲ್ಲಿ ಎತ್ತಿ ಚೀಲಕ್ಕೆ ತುಂಬಿ ಕಟ್ಟಿಬಿಡಿ. ಬ್ಲೀಚಿಂಗ್ ನೀರನ್ನು ಇಂಜಿನ್ ಮೇಲೆ ಹಾಕಬೇಡಿ, ಅಲ್ಯೂಮಿನಿಯಂ ತಿನ್ನುತ್ತದೆ. ಆಮೇಲೆ ಗೂಡಿನ ಸುತ್ತಲಿನ ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ. ಹಲ್ಲಿನ ಗುರುತಿದ್ದು ತಾಮ್ರ ಕಾಣುತ್ತಿದ್ದರೆ ಸ್ವಚ್ಛ ಮಾಡುವ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಬೇಕು.

ಉಳಿದ ಒಣ ಮಣ್ಣನ್ನು ಬಣ್ಣ ಹೊಡೆಯುವ ಮೆತ್ತನೆಯ ಬ್ರಷ್ಷಿನಲ್ಲಿ ಕೆಡವಿ ವ್ಯಾಕ್ಯೂಮ್‌ನಲ್ಲಿ ಎಳೆದುಕೊಳ್ಳುತ್ತೇನೆ. ಒಂದಿಂಚಿಂದು ಒಂದು, ಎರಡಿಂಚಿಂದು ಒಂದು ಬ್ರಷ್ ಸಾಕು. ಬ್ರಷ್ಷಿನ ಕೂದಲು ಹಿಡಿದಿರುವ ತಗಡಿನ ಪಟ್ಟಿಗೆ ಮೂರು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿಡಿ. ಪ್ಲಾಸ್ಟಿಕ್ ಗೀರುವುದಿಲ್ಲ, ಎಲ್ಲಾದರೂ ತಗುಲಿ ಶಾರ್ಟ್ ಆಗುವ ಭಯವೂ ಇಲ್ಲ. ಬಾನೆಟ್ ಒಳಗಿನ ಹಂಜಿಯಂಥ ಹೊದಿಕೆಗೆ ವ್ಯಾಕ್ಯೂಮ್ ಮಾತ್ರ. ಅದು ನೆನೆದರೆ ಭಾರಕ್ಕೆ ಜೋತುಬೀಳುತ್ತದೆ.

ಇಷ್ಟಾದ ಮೇಲೆ ಮುಚ್ಚುವ ಕೆಲಸ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಇಂಜಿನ್ನಿನ ಕಂಪ್ಯೂಟರ್ (ಇಸಿಯು), ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗಳು, ಏರ್ ಫಿಲ್ಟರ್ ಗಾಳಿ ಎಳೆಯುವ ಬಾಯಿ, ಇಷ್ಟಕ್ಕೂ ದಪ್ಪ ಪ್ಲಾಸ್ಟಿಕ್ ಚೀಲ ಮತ್ತು ರಬ್ಬರ್ ಬ್ಯಾಂಡ್. ಆಯಿಲ್ ಮುಚ್ಚಳ, ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್), ಬ್ರೇಕ್ ಆಯಿಲ್ ಮುಚ್ಚಳ ಬಿಗಿಯಾಗಿವೆಯೇ ಅಂತ ಒಮ್ಮೆ ತಿರುಗಿಸಿ ನೋಡಿ. ಎಷ್ಟು ಚೀಲ ಕಟ್ಟಿದ್ದೀರಿ ಅಂತ ಎಣಿಸಿ ಕಾಗದದಲ್ಲಿ ಬರೆದಿಡಿ. ಗಾಳಿಯ ಬಾಯಲ್ಲಿ ಒಂದು ಚೀಲ ಮರೆತು ಸ್ಟಾರ್ಟ್ ಮಾಡಿದರೆ ಇಂಜಿನ್ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಕ್ಲೀನರ್ ವಿಷಯದಲ್ಲಿ ಅತಿಯಾಸೆ ಬೇಡ. ನೀರಿನಲ್ಲಿ ಕರಗುವ ಆಲ್ ಪರ್ಪಸ್ ಕ್ಲೀನರ್ 50 ಮಿ.ಲೀ., ನೀರು 450 ಮಿ.ಲೀ.; ಎಣ್ಣೆ ಜಿಡ್ಡು ದಪ್ಪಗಿರುವಲ್ಲಿಗೆ ಮಾತ್ರ 100ಕ್ಕೆ 400. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಒರೆಸುವವರಿದ್ದಾರೆ. ಹೊಳಪು ಬರುವುದು ನಿಜ, ಆದರೆ ಕೂಲೆಂಟ್ ಹೋಸಿನ ರಬ್ಬರ್ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ, ಬೆಂಕಿಯ ಅಪಾಯ ಬೇರೆ. ಬಟ್ಟೆ ಸೋಡಾ, ಟಾಯ್ಲೆಟ್ ಆಸಿಡ್ ಎರಡೂ ಅಲ್ಯೂಮಿನಿಯಂ ಹಾಳು ಮಾಡುತ್ತವೆ.

ನಮ್ಮ ಕಡೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಕ್ಯಾನ್ ಮನೆಯಲ್ಲಿ ಕೈಗೆ ಸಿಗುತ್ತದೆ ಅಂತ ಅದನ್ನೇ ತಂದು ಇಂಜಿನ್ನಿಗೆ ಸಿಂಪಡಿಸಬೇಡಿ. ಆ ಔಷಧಿಯ, ಅಂದರೆ ಬೋರ್ಡೋ ದ್ರಾವಣದ, ಮೈಲುತುತ್ತ ಎಷ್ಟು ತೊಳೆದರೂ ಕ್ಯಾನಿನ ತಳದಲ್ಲಿ, ನಾಜಲ್ಲಿನಲ್ಲಿ ಉಳಿದಿರುತ್ತದೆ. ತಾಮ್ರದ ಅಂಶ ಅಲ್ಯೂಮಿನಿಯಂ ಮೇಲೆ ಕೂತರೆ ಅಲ್ಲಿ ಚುಕ್ಕಿಚುಕ್ಕಿಯಾಗಿ ಗುಳಿ ಬೀಳುತ್ತದೆ. ರೇಡಿಯೇಟರ್, ಎಸಿ ಕಂಡೆನ್ಸರ್ ಎರಡೂ ತೆಳು ಅಲ್ಯೂಮಿನಿಯಂ. ಹೊಸದೊಂದು ಅರ್ಧ ಲೀಟರ್ ಸ್ಪ್ರೇ ಬಾಟಲಿ ತೆಗೆದುಕೊಳ್ಳಿ.

ನಾನು ಕ್ಲೀನರನ್ನು ಭಾಗಗಳ ಮೇಲೆ ನೇರ ಹೊಡೆಯುವುದು ಕಡಿಮೆ. ಬ್ರಷ್ಷಿಗೆ ಹೊಡೆದು ಬ್ರಷ್ಷಿನಿಂದ ಉಜ್ಜುತ್ತೇನೆ. ಒಮ್ಮೆಗೆ ಒಂದು ಅಂಗೈ ಅಗಲದ ಜಾಗ, ಮೇಲಿಂದ ಕೆಳಗೆ. ಉಜ್ಜಿ ಒಂದೆರಡು ನಿಮಿಷ ಬಿಟ್ಟು, ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ. ಬಟ್ಟೆ ಎಂಟು ಬೇಕಾಗುತ್ತದೆ. ಮೂರನೆಯ ಬಟ್ಟೆಯ ಹೊತ್ತಿಗೆ ಬಟ್ಟೆ ಜಾಲಿಸುವ ಬಕೆಟ್ಟಿನ ನೀರು ಗದ್ದೆ ಕೆಸರಿನ ಬಣ್ಣಕ್ಕೆ ಬರುತ್ತದೆ, ಆಗ ಬದಲಿಸಬೇಕು. ಕಪ್ಲರ್‌ಗಳ ಬಾಯಿಗೆ ಒದ್ದೆ ಬಟ್ಟೆ ಸಾಕು, ಬೆಲ್ಟಿಗೆ ಕ್ಲೀನರ್ ತಾಗಲೇಬಾರದು. ತಾಗಿದರೆ ಬೆಲ್ಟ್ ಜಾರಿ ಕಿರುಗುಟ್ಟುತ್ತದೆ. ಕೊಳೆ ನೀರನ್ನು ಬಾವಿಯ ಹತ್ತಿರವಾಗಲಿ, ತೋಟದ ಬಸಿಗಾಲುವೆಗಾಗಲಿ ಚೆಲ್ಲಬೇಡಿ. ಇಂಜಿನ್ ಕೆಳಗೆ ಗೋಣಿಚೀಲ ಹಾಸಿದರೆ ತೊಟ್ಟಿಕ್ಕುವ ಜಿಡ್ಡು ಅದಕ್ಕೇ ಹಿಡಿಯುತ್ತದೆ. ಕಾರನ್ನು ಹೊಳೆಗೆ ಇಳಿಸಿ ತೊಳೆಯುವುದಂತೂ ಬೇಡವೇ ಬೇಡ. ಆ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ.

ರೇಡಿಯೇಟರಿಗೆ ಮಾತ್ರ ಸ್ವಲ್ಪ ನೀರು ಬೇಕು. ಹುಳ, ಮಣ್ಣು ಮುಂದಿನಿಂದ ಬಂದು ಕೂತಿರುವುದರಿಂದ, ಕೈ ತೂರುವ ಜಾಗವಿದ್ದರೆ, ಇಂಜಿನ್ ಕಡೆಯಿಂದ ಮುಂದಕ್ಕೆ ಸ್ಪ್ರೇ ಬಾಟಲಿಯಲ್ಲಿ ಮೆಲ್ಲಗೆ ಬಿಟ್ಟರೆ ಬಂದ ದಾರಿಯಲ್ಲೇ ಹೊರಬೀಳುತ್ತವೆ. ಬ್ರಷ್ಷನ್ನು ರೇಡಿಯೇಟರಿನ ತೆಳು ತಗಡಿನ ರೆಕ್ಕೆಗಳ ಉದ್ದಕ್ಕೇ ಆಡಿಸಿ, ಅಡ್ಡ ಎಳೆದರೆ ಬಾಗುತ್ತವೆ.

ವಾಟರ್ ಸರ್ವಿಸಿನ ಪ್ರೆಶರ್ ಗನ್ ಏಕೆ ಬೇಡ ಅಂತ ಕೇಳಿದರೆ ಉತ್ತರ ಇದು. ಮಳೆನೀರು ಮೇಲಿಂದ ಬೀಳುತ್ತದೆ, ಕಪ್ಲರಿನ ರಬ್ಬರ್ ಸೀಲು ಅದನ್ನು ತಡೆಯುತ್ತದೆ. ಗನ್ನಿನ ನೀರು 100 ಬಾರ್‌ನಷ್ಟು ಒತ್ತಡದಲ್ಲಿ ಎಲ್ಲ ದಿಕ್ಕಿನಿಂದ ನುಗ್ಗುತ್ತದೆ, ಸೀಲು ಒಳಗೆ ಬಿಟ್ಟುಕೊಂಡು ಮತ್ತೆ ಹೊರಗೆ ಬಿಡುವುದಿಲ್ಲ. ಆಲ್ಟರ್ನೇಟರಿನ ಬೇರಿಂಗಿನ ಗ್ರೀಸ್ ತೊಳೆದುಹೋಗಿ ಕೆಲವು ತಿಂಗಳ ಮೇಲೆ ಗುಂಯ್‌ಗುಡಲು ಶುರುವಾಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಗುಳಿಗೆ ನೀರು ಇಳಿದರೆ ಸ್ಟಾರ್ಟ್ ಆದ ಕೂಡಲೇ ನಡುಗುತ್ತದೆ, ಚೆಕ್ ಇಂಜಿನ್ ದೀಪ ಮಿಣುಕುತ್ತದೆ. ಹಾಗೆ ಮಿಣುಕಿದರೆ ಆಕ್ಸಿಲರೇಟರ್ ಒತ್ತಬೇಡಿ. ಸುಡದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಸುಡುತ್ತದೆ. ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ಕಾಯಿಲ್ ಎತ್ತಿ, ಗುಳಿಯ ನೀರನ್ನು ಬಟ್ಟೆಯಲ್ಲೋ ಗಾಳಿಯಲ್ಲೋ ತೆಗೆದು ಒಣಗಿಸಬೇಕು.

ಒಣಗಿಸುವುದಕ್ಕೆ ಅವಸರ ಮಾಡಬಾರದು. ಚೀಲಗಳನ್ನು ಎಣಿಸಿ ಬಿಚ್ಚಿ, ಕೂದಲು ಒಣಗಿಸುವ ಡ್ರೈಯರನ್ನು ತಣ್ಣನೆ ಗಾಳಿಗೆ ಇಟ್ಟು ಒಂದಡಿ ದೂರದಿಂದ ಸಂದಿಗಳಿಗೆ ಬಿಡಿ. ಆಮೇಲೆ ಬಾನೆಟ್ ತೆರೆದೇ ಎರಡು ಗಂಟೆ ಬಿಸಿಲು. ಬ್ಯಾಟರಿಯನ್ನು ಪಾಸಿಟಿವ್ ಮೊದಲು, ನೆಗೆಟಿವ್ ಆಮೇಲೆ ಜೋಡಿಸಿ, ಹತ್ತು ಹದಿನೈದು ನಿಮಿಷ ಇಂಜಿನ್ ಸುಮ್ಮನೆ ಓಡಿಸಿ. ಬ್ಯಾಟರಿ ಬಿಚ್ಚಿದ್ದರಿಂದ ಗಡಿಯಾರ ಸರಿ ಮಾಡಬೇಕು, ಪವರ್ ವಿಂಡೋ ತಾನಾಗಿ ಮೇಲೇರುವುದು ನಿಂತಿದ್ದರೆ ಗಾಜನ್ನು ಪೂರ್ತಿ ಏರಿಸಿ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೊದಲ ಕೆಲವು ಕಿ.ಮೀ. ಐಡಲ್ (ನಿಂತಾಗ ಇಂಜಿನ್ ತಿರುಗುವ ವೇಗ) ಸ್ವಲ್ಪ ಏರುಪೇರಾದರೆ ಗಾಬರಿ ಬೇಡ.

ಹೊಳಪಿನ ಡ್ರೆಸ್ಸಿಂಗ್ ಹಚ್ಚಲೇಬೇಕೆಂದಿಲ್ಲ. ಹಚ್ಚುವುದಾದರೆ ನೀರಿನ ಬೇಸಿನದ್ದು, ಪ್ಲಾಸ್ಟಿಕ್ಕಿಗೆ ಮತ್ತು ಹೋಸಿಗೆ ಮಾತ್ರ, ಬಟ್ಟೆಯಲ್ಲಿ. ಎಣ್ಣೆ ಬೇಸಿನದ್ದು ಹಚ್ಚಿದರೆ ಘಟ್ಟದ ಧೂಳೆಲ್ಲ ಅದಕ್ಕೇ ಅಂಟುತ್ತದೆ.

ಓಮ್ನಿ, ಇಕೋ ಇರುವವರಿಗೆ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ನೀರಿನ ಪ್ರಶ್ನೆಯೇ ಇಲ್ಲ. ಒದ್ದೆ ಬಟ್ಟೆಯಿಂದಲೇ ಮುಗಿಸಬೇಕು. ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಕಂಡಲ್ಲಿ ಬ್ರಷ್ಷೂ ಬೇಡ, ಸ್ಪಾನರೂ ಬೇಡ. ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಧೂಳು ಒಣ ಬಟ್ಟೆಯಲ್ಲಿ ತೆಗೆದು ಬಾನೆಟ್ ಮುಚ್ಚಿ.

ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಚ್ ಹಿಡಿದು, ಮೊದಲು ತೆಗೆದ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡುತ್ತೇನೆ. ಟ್ಯಾಪೆಟ್ ಕವರಿನ ಅಂಚಿಗೆ ಬಿಳಿ ಟಿಶ್ಯೂ ಒತ್ತಿದಾಗ ಕಂದು ಕಲೆ ಬಂದರೆ ಗ್ಯಾಸ್ಕೆಟ್ ಬದಲಿಸುವ ಸಮಯ ಬಂದಿದೆ. ಟಿಶ್ಯೂ ಬಿಳಿಯಾಗೇ ಉಳಿದರೆ ಆ ಕಪ್ಪು ಗೆರೆ ಹಿಂದೆ ಎಣ್ಣೆ ಹಾಕುವಾಗ ಚೆಲ್ಲಿದ್ದು.